ಚಪ್ಪಲಿ ಕಾಯುವವನಿಗೆ ಚಪ್ಪಾಳೆ

ನಮ್ಮೂರನ್ನು ಕನ್ನಡದಲ್ಲಿ ಬರೆದರೆ ಸೊಲ್ಲಾಪುರ, ಮರಾಠಿಯಲ್ಲಿ ಬರೆದರೆ ಸೋಲಾಪುರ. ಒಂದರಲ್ಲಿ ಸೊಲ್ಲು ಇದೆ, ಇನ್ನೊಂದರಲ್ಲಿ ಸೋಲು. ಮಂಗಳವಾರ ಪೇಟೆಯ ಚಾದರ ವ್ಯಾಪಾರಿ ಸಾತಲಿಂಗಪ್ಪನವರ ಮಗ ಉದಯಕುಮಾರನ ಬಾಳು ಇವೆರಡರ ನಡುವೆ ಸಿಕ್ಕಿಕೊಂಡಿತ್ತು. ಹೊರಗೆ ಎಲ್ಲೂ ಸೋಲುವಂತಿಲ್ಲ, ಮನೆಯಲ್ಲಿ ಅಪ್ಪನ ಮುಂದೆ ಸೊಲ್ಲೆತ್ತುವಂತಿಲ್ಲ.

ಉದಯಕುಮಾರ ಮತ್ತು ನಾನು ಒಂದೇ ಕಾನ್ವೆಂಟಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಒಮ್ಮೆ ಸಿಸ್ಟರ್, ಕೆರಿಯರ್ ಎಂದರೇನು ಎಂದು ಕೇಳಿದಾಗ ಉದಯಕುಮಾರ ಎದ್ದು ನಿಂತು, “ಸೈಕಲ್ಲಿನ ಹಿಂದೆ ಇರುತ್ತದೆ, ಸಿಸ್ಟರ್” ಎಂದಿದ್ದ. ವರ್ಗವೆಲ್ಲ ನಕ್ಕಿತು. ಸಿಸ್ಟರ್ ಅವನನ್ನು ಗಂಟೆ ಬಾರಿಸುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದರು. ಐವತ್ತರ ಹತ್ತಿರ ಬಂದು ನಿಂತ ಈಗ ನೋಡಿದರೆ ಅವನ ಉತ್ತರದಲ್ಲಿ ತಪ್ಪೇನೂ ಕಾಣುವುದಿಲ್ಲ. ಬೆನ್ನ ಹಿಂದೆ ಇರುತ್ತದೆ, ಕಂಡಕಂಡವರು ತಮ್ಮ ಗಂಟನ್ನು ಅದರ ಮೇಲೆ ಕಟ್ಟುತ್ತಾರೆ, ಪೆಡಲು ತುಳಿಯುವವನು ಮಾತ್ರ ಒಬ್ಬನೇ.

ಓದು ಮುಗಿಸಿ ಉದಯಕುಮಾರ ಎಂ.ಬಿ.ಎ. ಮಾಡಿದ, ಬಟ್ಟೆ ಒಗೆಯುವ ಪುಡಿಯ ಒಂದು ಕಂಪನಿ ಸೇರಿದ. ಇದು ಸಾತಲಿಂಗಪ್ಪನವರ ಆಸೆ. ಅವರ ಅಂಗಡಿಯಲ್ಲಿ ಖುರ್ಚಿ ಎಂಬುದೇ ಇಲ್ಲ. ನೆಲದ ಮೇಲೆ ಬಿಳಿ ಗಾದಿ, ಗೋಡೆಗೆ ಲೋಡು. ಮುಂಜಾನೆಯಿಂದ ಸಂಜೆಯವರೆಗೆ ಕಾಲು ಮಡಚಿ ಕೂಡಬೇಕು. ಗಿರಾಕಿ ಬಂದರೆ ಚಾದರ ಬಿಚ್ಚಬೇಕು, ಹೋದರೆ ಮಡಚಬೇಕು. ವ್ಯವಹಾರ ಕುದುರಿದರೆ ಸಾತಲಿಂಗಪ್ಪನವರು ಗಿರಾಕಿಯ ಅಂಗೈಗೆ ತಮ್ಮ ಅಂಗೈಯನ್ನು ಪಟ್ಟನೆ ಹೊಡೆಯುತ್ತಿದ್ದರು. ಆ ಸದ್ದು ಬಿದ್ದ ಮೇಲೆ ಲುಕ್ಸಾನವೇ ಆಗಲಿ, ಲಾಭವೇ ಬಿಟ್ಟುಹೋಗಲಿ, ಅವರು ಮಾತು ತಿರುಗಿಸಿದವರಲ್ಲ. ಪೇಟೆಯಲ್ಲಿ ಅವರ ಕೈತಟ್ಟು ಎಂದರೆ ಸರಕಾರಿ ಸ್ಟ್ಯಾಂಪಿಗಿಂತ ಗಟ್ಟಿ.

“ನಾ ಹುಟ್ಟಿದಾಗಿಂದ ನೆಲಕ್ಕ ಕುಂತೀನಿ,” ಎಂದು ಅವರು ಮಗನಿಗೆ ಹೇಳಿದ್ದರು. “ನೀ ಖುರ್ಚಿ ಮ್ಯಾಲ ಕೂಡಬೇಕು. ಅದೂ ಎಂಥಾದ್ದು? ತಿರುಗೂ ಖುರ್ಚಿ.”

ಮಗ ತಿರುಗುವ ಖುರ್ಚಿ ಸಂಪಾದಿಸಿದ. ಕ್ರಮೇಣ ಖುರ್ಚಿಯ ಜೊತೆಗೆ ತಲೆಯೂ ತಿರುಗತೊಡಗಿತು. ಹುದ್ದೆ ಏರಿದಂತೆ ನಿದ್ದೆ ಇಳಿಯಿತು. ಬಟ್ಟೆಯ ಕಲೆ ಹೋದರೂ ಬಣ್ಣ ಹೋಗದು ಎಂದು ಊರೂರು ಸಾರಿದ ಕಂಪನಿ ಇವನ ಮುಖದ ಬಣ್ಣವನ್ನೇ ತೆಗೆದುಹಾಕಿತು. ಒಂದು ತಿಂಗಳ ಟಾರ್ಗೆಟ್ ಮುಟ್ಟಿದರೆ ಬಹುಮಾನವಾಗಿ ಮುಂದಿನ ತಿಂಗಳು ಅದಕ್ಕಿಂತ ದೊಡ್ಡ ಟಾರ್ಗೆಟ್. ‘ವಿಜೇತರು’ ಎಂಬ ಹೆಸರಿನ ವಾಟ್ಸ್ಯಾಪ್ ಗುಂಪು ಸೂರ್ಯ ಹುಟ್ಟುವ ಮೊದಲೇ ಗುಂಯ್ಗುಡಲು ಸುರುಮಾಡುತ್ತಿತ್ತು.

“ಅಹೋ,” ಎಂದು ಹೆಂಡತಿ ಶುಭಾಂಗಿ ಹಾಸಿಗೆಯಲ್ಲೇ ಕೇಳುತ್ತಿದ್ದಳು, “ಯಾರರೆ ಸತ್ತಾರೇನ್ರಿ?”

“ಇಲ್ಲ. ಗುಡ್ ಮಾರ್ನಿಂಗ್ ಹೇಳಾಕತ್ತಾರ.”

“ನಿಮ್ಮ ಮಾರಿ ನೋಡಿದ್ರ ಯಾರೋ ಸತ್ತಾಂಗ ಅನಸ್ತದ.”

ಶುಭಾಂಗಿ ಅಕ್ಕಲಕೋಟದ ಒಂದು ಸಾಲೆಯಲ್ಲಿ ಶಿಕ್ಷಕಿ. ದಿನಾ ಸೊಲ್ಲಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಒಂದು ಗುರುವಾರ ಉದಯಕುಮಾರನಿಗೂ ಅಕ್ಕಲಕೋಟದಲ್ಲಿ ಕಂಪನಿಯ ಕೆಲಸವಿತ್ತು. ಕೆಲಸ ಮುಗಿಸಿ, ಸ್ವಾಮಿಯ ದರ್ಶನ ಮಾಡಿಕೊಂಡು ಹೋಗೋಣವೆಂದು ಗುಡಿಯ ದಾರಿಯ ಒಂದು ಗೂಡಂಗಡಿಯ ಮುಂದೆ ಬೂಟು ಬಿಚ್ಚಿದ. ಅದು ನಾಗಣಸೂರಿನ ಭಾಗಾಬಾಯಿ ಎಂಬ ಮುದುಕಿಯ ಅಂಗಡಿ. ಹೂವಿನ ಹಾರ, ತೆಂಗಿನಕಾಯಿ, ಊದುಬತ್ತಿ ಇಟ್ಟಿದ್ದಳು. ಹಾರ ಕೊಂಡವರ ಚಪ್ಪಲಿಗಳನ್ನು ಹಿಂದಿನ ಹಲಗೆಗಳ ಮೇಲಿಟ್ಟು ಕಾಯುತ್ತಿದ್ದಳು.

ದರ್ಶನ ಮುಗಿಸಿ ಬಂದಾಗ ಭಾಗಾಬಾಯಿ ಮೊಳಕಾಲು ಹಿಡಿದುಕೊಂಡು ಎದ್ದು ನಿಂತಿದ್ದಳು. “ಸಾಹೇಬ, ಒಂದ ಘಳಿಗಿ ಇಲ್ಲಿ ಕೂಡ್ತಿಯೇನಪಾ? ನಾ ಔಷಧ ಅಂಗಡಿತನಾ ಹೋಗಿ ಬರ್ತೀನಿ. ಹೊತ್ತಾದ್ರ ಬಾಗಲಾ ಹಾಕ್ತಾರ.”

ಉದಯಕುಮಾರ ಒಳಗೆ ಕೂತ. ಫೋನು ಕಂಪನಿಯ ಕಾರಿನಲ್ಲೇ ಉಳಿದಿತ್ತು. ಜನ ಬಂದರು, ಚಪ್ಪಲಿ ಕೊಟ್ಟರು, ನಂಬರಿನ ಬಿಲ್ಲೆ ಇಸಿದುಕೊಂಡರು, ಹೋದರು. ತಿರುಗಿ ಬಂದರು, ಬಿಲ್ಲೆ ಕೊಟ್ಟು ಚಪ್ಪಲಿ ಇಸಿದುಕೊಂಡರು. ಕೊಟ್ಟದ್ದೇ ವಾಪಸು ಸಿಕ್ಕಿತೆಂದು ಪ್ರತಿಯೊಬ್ಬರ ಮುಖದಲ್ಲೂ ಒಂದು ಸಣ್ಣ ಸಮಾಧಾನ. ಕಳೆದ ಗುರುವಾರಕ್ಕಿಂತ ಈ ಗುರುವಾರ ಚಪ್ಪಲಿ ಯಾಕೆ ಕಡಿಮೆ ಬಿದ್ದಿವೆ ಎಂದು ಯಾರೂ ಕೇಳಲಿಲ್ಲ. ಮೊನ್ನೆ ಬಂದವರು ಇವತ್ತು ಯಾಕೆ ಬರಲಿಲ್ಲವೆಂದು ಫೋನು ಮಾಡಬೇಕಿರಲಿಲ್ಲ. ಎಡಗಾಲಿನದನ್ನು ಎಡಗಾಲಿನವರಿಗೇ ಕೊಟ್ಟರೆ ದಿನದ ಕೆಲಸ ಮುಗಿಯಿತು.

ಭಾಗಾಬಾಯಿ ಗುಳಿಗೆ ತಂದಳು. ಉದಯಕುಮಾರ ಏಳಲಿಲ್ಲ.

“ಇನ್ನೊಂದೀಟ ಕೂಡ್ತೀನಿ ಮಾವಶಿ. ನೀವು ಚಹಾ ಕುಡದ ಬರ್ರಿ.”

ಆಮೇಲೆ ಅವನಿಗೆ ಪ್ರತಿ ಗುರುವಾರ ಅಕ್ಕಲಕೋಟದಲ್ಲಿ ಕಂಪನಿಯ ಕೆಲಸ ಬೀಳತೊಡಗಿತು. ಬೇರೆ ಮ್ಯಾನೇಜರುಗಳು ಕದ್ದು ಗುಂಡು ಹಾಕುತ್ತಾರೆ, ಇವನು ಕದ್ದು ಚಪ್ಪಲಿ ಕಾಯುತ್ತಿದ್ದ. ಹೀಗೇ ಮಳೆಗಾಲ, ಚಳಿಗಾಲ ಹೋಗಿ ಬೇಸಿಗೆ ಮುಗಿಯುವ ಹೊತ್ತಿಗೆ ಭಾಗಾಬಾಯಿ, ಅಂಗಡಿ ಬಿಟ್ಟು ನಾಗಣಸೂರಿಗೆ ಮಗಳ ಮನೆಗೆ ಹೋಗುವೆನೆಂದಳು.

“ಹಂಗಾದ್ರ ನನಗ ಕೊಡ್ರಿ,” ಎಂದ ಉದಯಕುಮಾರ.

ಭಾಗಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಬದುಕಿನ ಕಡೆಯ ಇಂಟರ್‌ವ್ಯೂ ಅಲ್ಲೇ ನಡೆಯಿತು.

“ಏನ್ ಕಲ್ತೀದಿಪಾ?”

“ಎಂ.ಬಿ.ಎ.”

“ಇರಲಿ ಬಿಡು, ಅದಕ್ಯಾಕ ನಾಚಿಕಿ. ನೆಲಕ್ಕ ಕೂಡಾಕ ಬರ್ತದೇನು?”

“ಬರ್ತದ. ನಮ್ಮಪ್ಪ ಹುಟ್ಟಿದಾಗಿಂದ ನೆಲಕ್ಕ ಕುಂತಾನ.”

“ಖಾನದಾನಿ ಮನಶ್ಯಾ ಇದ್ದಿ ಹಂಗಾರ,” ಎಂದು ಭಾಗಾಬಾಯಿ ಬಿಲ್ಲೆಗಳ ಡಬ್ಬಿ ಮುಂದೆ ಸರಿಸಿದಳು.

ಅದೇ ವಾರ ಪುಣೆಯಿಂದ ಫೋನು ಬಂತು. ಉದಯಕುಮಾರನನ್ನು ಝೋನಲ್ ಮ್ಯಾನೇಜರ್ ಮಾಡಿದ್ದಾರೆ, ಹದಿನೈದು ಜಿಲ್ಲೆ ನೋಡಿಕೊಳ್ಳಬೇಕು, ಪುಣೆಯಲ್ಲೇ ಇರಬೇಕು. ಒಪ್ಪಿಗೆ ಕೇಳುವ ರೂಢಿ ಆ ಕಂಪನಿಗಿಲ್ಲ. ಬಡ್ತಿ ಸಿಕ್ಕಿತೆಂದು ‘ವಿಜೇತರು’ ಗುಂಪಿನಲ್ಲಿ ಹಾಕಿಯೂ ಆಗಿತ್ತು. ಉದಯಕುಮಾರ ಒಂದು ಲೋಟ ನೀರು ಕುಡಿದು, ಕಂಪನಿಗೆ ರಾಜೀನಾಮೆಯ ಮೇಲ್ ಕಳಿಸಿ, ಹೆಂಡತಿಗೆ ವಿಷಯ ಹೇಳಿದ.

ಶುಭಾಂಗಿ ಅಳಲಿಲ್ಲ, ಸಿಡುಕಲಿಲ್ಲ. “ಬರಂ, ಆತು,” ಎಂದಳು. “ನನ್ನ ಪಗಾರದಾಗ ಮನಿ ನಡೀತದ. ನಿಮ್ಮ ಪಗಾರದಾಗ ನಡಿಯೂದು ಬರೇ ನಿಮ್ಮ ಬೀಪೀ ಗುಳಿಗಿ. ಆದ್ರ ಮಾವಾರಿಗೆ ನೀವs ಹೇಳಬೇಕು. ನಾ ಹೇಳೂದುಲ್ಲ.”

“ಆಯಿತವಾರ ಹೇಳ್ತೀನಿ.”

“ಯಾವ ಆಯಿತವಾರ?”

ಪ್ರಶ್ನೆ ಸರಿಯಾದದ್ದೇ. ಕೆಲಸ ಬಿಡುವುದಕ್ಕೆ ಉದಯಕುಮಾರನಿಗೆ ಒಂದು ಲೋಟ ನೀರು ಸಾಕಾಗಿತ್ತು. ಅಪ್ಪನಿಗೆ ಹೇಳುವುದಕ್ಕೆ ಉಜನಿ ಆಣೆಕಟ್ಟಿನ ನೀರೂ ಸಾಲುತ್ತಿರಲಿಲ್ಲ. ಖುರ್ಚಿಯಿಂದ ಇಳಿದು ಮತ್ತೆ ನೆಲಕ್ಕೆ ಕೂಡುತ್ತೇನೆ, ಅದೂ ಮಂದಿಯ ಚಪ್ಪಲಿಯ ನಡುವೆ ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು? ಹೇಳಿದ ಮೇಲೆ ಅವರು ಮಾತು ಬಿಟ್ಟರೆ? ಅಪ್ಪ ಮಾತು ಬಿಡುವುದಾದರೆ ತಾನು ಚಪ್ಪಲಿಯನ್ನೇ ಬಿಡುತ್ತೇನೆ, ಪುಣೆಗೆ ಹೋಗುತ್ತೇನೆ ಎಂದು ಅವನು ಒಳಗೊಳಗೇ ಅಂದುಕೊಂಡಿದ್ದ. ಮೇಲ್ ವಾಪಸು ತೆಗೆದುಕೊಳ್ಳಲು ಕಂಪನಿ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿತ್ತು.

ಶನಿವಾರ ಸಂಜೆ ಅವನು ಅಕ್ಕಲಕೋಟದಿಂದ ಬಸ್ಸಿನಲ್ಲಿ ಬಂದ. ವಳಸಂಗ ದಾಟುವಾಗ ಅಪ್ಪನಿಗೆ ಹೇಳುವ ಮೊದಲ ವಾಕ್ಯ ಹೊಂದಿಸಿದ. ಸೊಲ್ಲಾಪುರ ಮುಟ್ಟುವಾಗ ಎರಡನೆಯದೂ ಸಿದ್ಧವಾಗಿತ್ತು. ಮನೆಯ ಹತ್ತಿರದ ಚೌಕಕ್ಕೆ ಬಂದು ತಲೆ ಎತ್ತಿದರೆ ಎದುರಿಗೆ ತಾನೇ ನಿಂತಿದ್ದ, ಎರಡಾಳೆತ್ತರ.

ಅದು ಗುರುಶಾಂತನ ಕೆಲಸ. ಗುರುಶಾಂತ ಎಂದರೆ ಶುಭಾಂಗಿಯ ತಮ್ಮ, ಬ್ಯಾನರ್ ಛಾಪಿಸುವ ಅಂಗಡಿ ಇಟ್ಟವನು. ನಮ್ಮೂರಿನಲ್ಲಿ ಯಾರಾದರೂ ಹುಟ್ಟಿದರೆ, ಸತ್ತರೆ, ಪಾಸಾದರೆ, ಗಾಡಿ ಕೊಂಡರೆ ಚೌಕದಲ್ಲಿ ಬ್ಯಾನರ್ ಏಳಬೇಕು. ಉದಯಕುಮಾರನ ಪಿತ್ತಕೋಶದ ಹರಳು ತೆಗೆದಾಗಲೂ ‘ಯಶಸ್ವಿ ಶಸ್ತ್ರಕ್ರಿಯೆಗೆ ಹಾರ್ದಿಕ ಶುಭೇಚ್ಛಾ’ ಎಂದು ಗುರುಶಾಂತ ಹಾಕಿಸಿದ್ದ. ಅದರಲ್ಲಿ ಹರಳಿನ ಫೋಟೋ ಕೂಡ ಇತ್ತು. ಈಗ ‘ವಿಜೇತರು’ ಗುಂಪಿನ ಸುದ್ದಿ ಯಾರದೋ ಫೋನಿನಿಂದ ಹಾರಿ ಅವನ ಫೋನಿಗೆ ಬಿದ್ದಿತ್ತು. ಝೋನಲ್ ಮ್ಯಾನೇಜರ್ ಪದಕ್ಕೆ ಆಯ್ಕೆಯಾದ ನಮ್ಮ ಮುದ್ದಿನ ಉದಯದಾದಾ ಅವರಿಗೆ ಹಾರ್ದಿಕ ಅಭಿನಂದನೆ ಎಂದು ದಪ್ಪ ಮರಾಠಿ ಅಕ್ಷರ. ಕರಿ ಕನ್ನಡಕ ಹಾಕಿ, ಕಿವಿಗೆ ಫೋನು ಹಿಡಿದು, ಆಕಾಶದತ್ತ ಬೆರಳು ಮಾಡಿದ ಉದಯಕುಮಾರ. ಕೆಳಗೆ ಶುಭೇಚ್ಛುಕರ ಸಾಲು ಸಾಲು ಮುಖ. ಅದರಲ್ಲಿ ಇನ್ನೂ ಹಲ್ಲು ಬರದ ಸೋನು ಎಂಬ ಕೂಸಿನ ಹೆಸರಿನ ಮುಂದೆ ‘ಯುವಾ ನೇತೃತ್ವ’.

ಬ್ಯಾನರಿನ ಕೆಳಗೆ ಸಾತಲಿಂಗಪ್ಪನವರು ಪೇಡೆಯ ಡಬ್ಬಿ ಹಿಡಿದು ನಿಂತಿದ್ದರು. ಹೋಗಿಬರುವ ರಿಕ್ಷಾದವರನ್ನೂ ಬಿಡದೆ ನಿಲ್ಲಿಸಿ ಕೊಡುತ್ತಿದ್ದರು.

“ಅಪ್ಪಾ, ನಿನಗ ಒಂದ ಮಾತು ಹೇಳೂದದ—”

“ಬಾಯಿ ತೆಗಿ,” ಎಂದು ಅವರು ಮಗನ ಬಾಯಿಗೂ ಪೇಡೆ ತುರುಕಿದರು. ವಾಕ್ಯ ಅಲ್ಲಿಗೇ ಮುಚ್ಚಿತು.

“ದಾಜಿ,” ಎಂದು ಗುರುಶಾಂತ ಓಡಿಬಂದ, “ನಾಳೆ ಸಂಜಿಗೆ ಇಲ್ಲೇ ಚೌಕದಾಗ ನಿಮ್ಮ ಸತ್ಕಾರ. ಮಂಡಪ, ಮೈಕ್, ಶಾಲು, ನಾರಳ ಎಲ್ಲಾ ತಯಾರ್ ಅದ. ನೀವು ಬರೇ ಎರಡು ಶಬ್ದ ಮಾತಾಡಬೇಕು.”

ಉದಯಕುಮಾರ ಪೇಡೆ ನುಂಗಿದ. ಆಯಿತು, ಎರಡು ಶಬ್ದ ಮಾತಾಡುತ್ತೇನೆ ಎಂದುಕೊಂಡ. ಮನೆಯಲ್ಲಿ ಒಬ್ಬರ ಮುಂದೆ ಹೇಳಲಾಗದ್ದನ್ನು ಮಂದಿಯ ಮುಂದೆ ಮೈಕಿನಲ್ಲಿ ಹೇಳಿಬಿಡುವುದು. ಒಮ್ಮೆಲೇ ಎಲ್ಲರಿಗೂ ಮುಟ್ಟುತ್ತದೆ.

ಮರುದಿನದ ಸಭೆಗೆ ನಾನೂ ಹೋಗಿದ್ದೆ. ಸಾತಲಿಂಗಪ್ಪನವರು ಮುಂದಿನ ಸಾಲಿನಲ್ಲಿ, ಅವರ ಬಗಲಿಗೆ ಎದುರಂಗಡಿಯ ಚಾದರ ವ್ಯಾಪಾರಿ ಬೀರಣ್ಣ. ಇಬ್ಬರಿಗೂ ನಲವತ್ತು ವರ್ಷದ ಸ್ನೇಹ, ನಲವತ್ತು ವರ್ಷದ ಪೈಪೋಟಿ. ಉದಯಕುಮಾರನಿಗೆ ಶಾಲು ಹೊದಿಸಿದರು, ತಲೆಗೆ ಪಟಗ ಸುತ್ತಿದರು, ಕೈಯಲ್ಲಿ ತೆಂಗಿನಕಾಯಿ ಇಟ್ಟರು. ಅವನು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

“ನಾ ಝೋನಲ್ ಮ್ಯಾನೇಜರ್ ಆಗೂದಿಲ್ಲ,” ಎಂದ. “ನನಗ ದೊಡ್ಡ ಖುರ್ಚಿ ಬ್ಯಾಡ.”

ಚಪ್ಪಾಳೆ ಬಿತ್ತು. ಉದಯಕುಮಾರ ಗಾಬರಿಯಾದ.

“ಖರೇ ಹೇಳ್ತೀನಿ. ನಾ ಇನ್ನ ಮ್ಯಾಲ ಅಕ್ಕಲಕೋಟದಾಗ ಭಕ್ತರ ಚಪ್ಪಲ ಕಾಯಾಂವ!”

ಸಿಳ್ಳು ಬಿದ್ದವು. ಹಿಂದೆ ಯಾರೋ ಜಯಕಾರ ಹಾಕಿದರು. ಪಾಪ, ಮಂದಿಯದು ತಪ್ಪಿಲ್ಲ. ನಮ್ಮ ಚೌಕದ ಮೈಕಿನಲ್ಲಿ ನಿಂತವರೆಲ್ಲ ಇದನ್ನೇ ಹೇಳುತ್ತ ಬಂದಿದ್ದಾರೆ. ಕಾರ್ಪೊರೇಟರ್ ಆದವನು ನಿಮ್ಮ ಕಾಲಿನ ಧೂಳು ಎನ್ನುತ್ತಾನೆ, ಪತ್ತಿನ ಸಂಘದ ಚೇರ್ಮನ್ ಆದವನು ನಿಮ್ಮ ಮನೆಯ ಆಳು ಎನ್ನುತ್ತಾನೆ. ಪದ ಸಿಕ್ಕವರು ಪಾದ ಹಿಡಿಯುವುದು ಸತ್ಕಾರದ ಪದ್ಧತಿ. ಆ ಮೈಕಿನಲ್ಲಿ ನಿಜ ಹೇಳಿದವನು ಇವನೇ ಮೊದಲಿಗ, ಅದು ಯಾರಿಗೆ ಹೇಗೆ ಗೊತ್ತಾಗಬೇಕು?

“ನಿಮಗ ತಿಳೀವಲ್ದು,” ಎಂದು ಉದಯಕುಮಾರ ಕೂಗಿದ, “ಖರೇ ಖರೇ ಚಪ್ಪಲಾ! ಹಲಗಿ ಮ್ಯಾಲಿಟ್ಟು, ಬಿಲ್ಲಿ ಕೊಟ್ಟು—”

ಗುರುಶಾಂತ ಮೈಕು ಕಸಿದುಕೊಂಡ. ಅವನ ಕಣ್ಣಲ್ಲಿ ನೀರು. “ನೋಡ್ರಿ ನಮ್ಮ ದಾಜಿ! ಇಷ್ಟು ದೊಡ್ಡ ಪದ ಸಿಕ್ಕದ, ಕಾಲು ಮಾತ್ರ ಭೂಮಿ ಮ್ಯಾಲ ಅದಾವ! ಜೋರಾಗಿ ಚಪ್ಪಾಳಿ!”

ಬೀರಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ. ಸಾತಲಿಂಗಪ್ಪನವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಶುಭಾಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಮನೆಗೆ ಹೋದ ಮೇಲೆ ಉದಯಕುಮಾರ ಇನ್ನೊಂದು ಪ್ರಯತ್ನ ಮಾಡಿದ. “ಅಪ್ಪಾ, ನಾ ಅಲ್ಲಿ ಹೇಳಿದ್ದು ಖರೇ ಅದ.”

“ಗೊತ್ತದಪಾ,” ಎಂದರು ಅವರು ಪಟಗ ಮಡಚುತ್ತ. “ಮಂದಿ ಮುಂದ ಒಮ್ಮಿ ಹೇಳಿದ್ದು ಸಾಕು. ಮನ್ಯಾಗ ಭಾಷಣ ಬ್ಯಾಡ.”

ಸೋಮವಾರದಿಂದ ಉದಯಕುಮಾರ ಹೆಂಡತಿಯ ಜೊತೆಗೆ ಅದೇ ಬಸ್ಸು ಹತ್ತತೊಡಗಿದ. ಕಡಕ ಭಾಕರಿ, ಶೇಂಗಾ ಚಟ್ನಿಯ ಎರಡು ಗಂಟು ತೊಡೆಯ ಮೇಲೆ. ಮಗ ಪುಣೆಗೆ ಹೋಗುವ ಮೊದಲು ನಾಲ್ಕು ದಿನ ಸ್ವಾಮಿಯ ಸೇವೆ ಮಾಡುತ್ತಿದ್ದಾನೆಂದು ಸಾತಲಿಂಗಪ್ಪನವರು ಪೇಟೆಯಲ್ಲೆಲ್ಲ ಹೇಳಿದರು. ಅವರ ಪ್ರಕಾರ ಸೇವೆ ಎಂದರೆ ದೇಣಗಿ ಕೊಟ್ಟು ಕೈಮುಗಿದು ನಿಲ್ಲುವುದು.

ಗುರುವಾರ ಬಂತು. ಅಕ್ಕಲಕೋಟದ ಗುಡಿಯ ದಾರಿ ತುಂಬಿ ತುಳುಕುತ್ತಿತ್ತು. ಮಗನ ಬಡ್ತಿಗಾಗಿ ದೊಡ್ಡ ಹಾರ ಹಾಕಿಸುತ್ತೇನೆಂದು ಹರಕೆ ಹೊತ್ತಿದ್ದ ಸಾತಲಿಂಗಪ್ಪನವರು ಬೀರಣ್ಣನ ಕಾರಿನಲ್ಲಿ ಬಂದಿಳಿದರು. ಎದುರಿಗೆ ಸಿಕ್ಕ ಅಂಗಡಿಯ ಮುಂದೆ ಚಪ್ಪಲಿ ಬಿಚ್ಚಿ ಕೈಯಿಂದ ಮುಂದೆ ಚಾಚಿದರು. ಚಪ್ಪಲಿ ಇಸಿದುಕೊಳ್ಳುವವನ ಮುಖವನ್ನು ಯಾರೂ ನೋಡುವುದಿಲ್ಲ. ಅವರೂ ನೋಡಲಿಲ್ಲ.

“ಬರೋಬರ್ ನೋಡಕೋಪಾ, ಹೊಸಾವು ಅದಾವ,” ಎಂದರು.

ಒಳಗೆ ಕೂತವನಿಗೆ ಚಪ್ಪಲಿ ಗುರುತು ಹತ್ತಿತು. ಹೋದ ತಿಂಗಳು ತಾನೇ ಕೊಡಿಸಿದ್ದು. ಬಿಲ್ಲೆ ಕೊಟ್ಟು, ತಲೆ ತಗ್ಗಿಸಿ, ಸುಮ್ಮನಿದ್ದುಬಿಡಬಹುದಿತ್ತು. ಗದ್ದಲದಲ್ಲಿ ಅಪ್ಪ ಮುಂದೆ ಹೋಗಿಬಿಡುತ್ತಿದ್ದರು. ಉದಯಕುಮಾರ ಎರಡೂ ಕೈಯಿಂದ ಚಪ್ಪಲಿ ಹಿಡಿದು ಎದ್ದು ನಿಂತ.

“ಅಪ್ಪಾ,” ಎಂದ. “ನಾನs ಇದ್ದೀನಿ.”

ಸಾತಲಿಂಗಪ್ಪನವರು ಮಗನನ್ನು ನೋಡಿದರು. ಮಗನ ಕೈಯಲ್ಲಿನ ತಮ್ಮ ಚಪ್ಪಲಿ ನೋಡಿದರು. ಹಿಂದಿನ ಹಲಗೆಗಳ ಮೇಲೆ ಊರೂರಿನ ಚಪ್ಪಲಿಗಳ ಸಾಲು ನೋಡಿದರು.

ಮೊದಲು ಬಾಯಿ ತೆರೆದವನು ಬೀರಣ್ಣ. “ಏ ಸಾತಲಿಂಗಪ್ಪ! ಇದೇನಪಾ ನಿನ್ನ ಝೋನಲ್ ಮ್ಯಾನೇಜರಂದು? ಪುಣೆ ಇಲ್ಲೇ ಬಂತೇನು? ಇವನೌನ, ಪೇಟಿಗೆಲ್ಲಾ ಪೇಡಾ ಹಂಚಿದಿ!” ಹಾರ ಕೊಳ್ಳುತ್ತಿದ್ದ ನಾಲ್ಕು ಜನ ತಿರುಗಿ ನೋಡಿದರು.

ಉದಯಕುಮಾರ ಕಣ್ಣು ಮುಚ್ಚಿಕೊಂಡ. ತಿಂಗಳ ಕೊನೆಗೆ ಇನ್ನೂ ಸಮಯವಿದೆ, ಪುಣೆಯ ಬಸ್ಸು ದಿನಾ ಇದೆ ಎಂದು ಅವನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

ಸೊಲ್ಲಾಪುರಿ ಚಾದರಕ್ಕೆ ಉಲ್ಟಾ ಬದಿ ಎಂಬುದಿಲ್ಲ. ಎರಡೂ ಕಡೆ ಚಿತ್ತಾರ ಮೂಡಿರುತ್ತದೆ, ಬಣ್ಣ ಮಾತ್ರ ಅದಲುಬದಲು. ಗಿರಾಕಿ ಒಂದು ಬದಿಗೆ ಮೂಗು ಮುರಿದರೆ ಸಾತಲಿಂಗಪ್ಪನವರು ಮುಖದ ಗೆರೆ ಅಲುಗಿಸದೆ ಚಾದರ ಮಗುಚಿ, ಹೊಸದೇ ತೆಗೆದವರಂತೆ ಇನ್ನೊಂದು ಬದಿ ತೋರಿಸುತ್ತಾರೆ. ಈಗಲೂ ಅವರ ಮುಖದ ಗೆರೆ ಅಲುಗಲಿಲ್ಲ.

“ಬೀರಣ್ಣ,” ಎಂದರು, “ಆವತ್ತ ಚೌಕದಾಗ ಇಂವ ಮೈಕಿನ್ಯಾಗ ಏನಂದ?”

“ಏನಂದ?”

“ಚಪ್ಪಲ ಕಾಯ್ತೀನಿ ಅಂದ್ನೋ ಇಲ್ಲೋ?”

“ಅಂದ. ಆದ್ರ ಅದು ಭಾಷಣ—”

“ಅಂದಾಗ ನೀ ಏನ್ ಮಾಡ್ದಿ?”

ಬೀರಣ್ಣ ತಡವರಿಸಿದ. “ಚಪ್ಪಾಳಿ ಹೊಡದೆ.”

“ಎಲ್ಲಾರಿಗಿಂತ ಜೋರಾಗಿ ಹೊಡದಿ. ನನ್ನ ಕಿವಿ ಇನ್ನೂ ಗುಂಯ್ ಅಂತಾವ. ನಾನೂ ಹೊಡದೀನಿ. ಇಡೀ ಪೇಟಿ ಕೈ ತಟ್ಟೇದ. ಕೈ ಬಿತ್ತಂದ್ರ ಸೌದಾ ಮುಗೀತು, ಮಾತು ತಿರಗಸಾಕ ನಾವೇನು ಬ್ಯಾರೆ ಊರಾವ್ರೇನು?” ಎಂದು ಬೀರಣ್ಣನ ಕಡೆ ತಿರುಗಿ, “ಬಿಚ್ಚು, ನಿನ್ನ ಚಪ್ಪಲನೂ ಕೊಡು. ಹಾರನೂ ಇಲ್ಲೇ ತಗೋ,” ಎಂದರು.

ಬೀರಣ್ಣ ಬಿಚ್ಚಿದ. ಹಾರವನ್ನೂ ಕೊಂಡ.

ದರ್ಶನ ಮುಗಿಸಿ ಬಂದಾಗ ಸಾತಲಿಂಗಪ್ಪನವರು ಬೀರಣ್ಣನನ್ನು ಕಾರಿನತ್ತ ಕಳಿಸಿ ಒಬ್ಬರೇ ಬಂದು ನಿಂತರು. ಹೊತ್ತು ಮಾಡಿ ಚಪ್ಪಲಿ ಮೆಟ್ಟಿಕೊಂಡರು.

“ಮೊದಲs ಹೇಳಬಾರದಾಗಿತ್ತೇನಲೇ?”

“ಹೇಳಿದ್ನಲ್ಲಪ್ಪಾ. ಮೈಕಿನ್ಯಾಗ ಹೇಳಿದೆ, ಮನ್ಯಾಗ ಹೇಳಿದೆ.”

“ಹೂಂ, ಹೇಳಿದಿ ಖರೆ.” ಅವರು ಸ್ವಲ್ಪ ಹೊತ್ತು ಒಳಗೆ ಇಣುಕಿದರು. “ಒಂದ ಖುರ್ಚಿ ಸುದ್ದಾ ಇಲ್ಲೇನೋ ಇಲ್ಲಿ?”

“ಖುರ್ಚಿ ಮ್ಯಾಲ ಕೂತ್ರ ಕೆಳಗಿನ ಹಲಗಿ ಎಟಕೂದುಲ್ಲ.”

“ಗೋಣಿಚೀಲದ ಮ್ಯಾಲ ಕುಂತೀದಿ.”

“ಮೆತ್ತಗ ಅದ.”

“ಏನ್ ಮೆತ್ತಗ!” ಎಂದು ಬೈದರು ಅವರು. “ನೆಲಕ್ಕ ಕೂಡೂದು ಅಂದ್ರ ಹೆಂಗ ಅಂತ ಗೊತ್ತದೇನು ನಿನಗ? ಕೆಳಗ ಗಾದಿ ಬೇಕು, ಬೆನ್ನಿಗೆ ಲೋಡ ಬೇಕು. ಅರವತ್ತು ವರ್ಷ ಕುಂತೀನಿ, ನನಗ ಕೇಳಬೇಕಿಲ್ಲೋ?”

ಮುಂದಿನ ಗುರುವಾರ ಅವರು ಬಸ್ಸಿನಲ್ಲಿ ಒಬ್ಬರೇ ಬಂದರು. ಬಗಲಲ್ಲಿ ಗಾದಿ, ಲೋಡು, ಅಂಗಡಿಯ ಹೊಚ್ಚ ಹೊಸ ಚಾದರ. ಹೆಗಲ ಮೇಲೆ ಸುರುಳಿ ಸುತ್ತಿದ ಒಂದು ದೊಡ್ಡ ಬ್ಯಾನರ್. ಚೌಕದಲ್ಲಿ ಅದರ ಕೆಲಸ ಮುಗಿದಿತ್ತು. ಅಕ್ಕಲಕೋಟದಲ್ಲಿ ಮೊದಲ ಮಳೆ ಸುರುವಾಗಿತ್ತು, ಭಾಗಾಬಾಯಿಯ ಹಳೆಯ ತಗಡು ಸೋರುತ್ತಿತ್ತು.

“ಚಲೋ ಮಾಲ್ ಅದ, ಹರಿಯೂದುಲ್ಲ,” ಎಂದು ಬ್ಯಾನರನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಬಿಳಿ ಬದಿ ಮ್ಯಾಲ ಮಾಡಿ ಹೊದಸು. ಚಿತ್ರ ಒಳಗ ಇರಲಿ, ಬಣ್ಣ ಉಳೀತದ.”

ತೂತು ಬಿದ್ದ ತಗಡು ಕಿತ್ತು ಅದರ ಜಾಗಕ್ಕೆ ಬ್ಯಾನರ್ ಹೊದೆಸಿದರು. ಸೋರುವುದು ನಿಂತಿತು. ಸುದ್ದಿ ತಿಳಿದ ಗುರುಶಾಂತ ಫೋನು ಮಾಡಿ, ಗೂಡಂಗಡಿಯ ಭವ್ಯ ಉದ್ಘಾಟನೆಗೆ ಇನ್ನೊಂದು ಬ್ಯಾನರ್ ತಯಾರಿದೆ, ಎರಡನೇ ಶಾಖೆ ಯಾವಾಗ ಎಂದು ಕೇಳಿದ. ಉದಯಕುಮಾರ ಉತ್ತರ ಕೊಡುವ ಮೊದಲೇ ಸಾತಲಿಂಗಪ್ಪನವರು ಫೋನು ಇಸಿದುಕೊಂಡು, “ಗುರುಶಾಂತ, ಸೋರೂ ತಗಡು ಒಂದs ಇತ್ತು. ಒಂದ ಬ್ಯಾನರ್ ಸಾಕು,” ಎಂದರು.

ತಿಂಗಳ ಕೊನೆ ಬಂತು, ಹೋಯಿತು. ಈಗಲೂ ಅಕ್ಕಲಕೋಟಕ್ಕೆ ಹೋದಾಗ ನಾನು ಅಲ್ಲೇ ಚಪ್ಪಲಿ ಬಿಡುತ್ತೇನೆ. ಮೊನ್ನೆ ಮಳೆಗೆಂದು ಒಳಗೆ ನಿಂತ ಮರವಡೆ ಕಡೆಯ ಒಬ್ಬ ಭಕ್ತರು ತಲೆ ಎತ್ತಿ ಛಾವಣಿ ನೋಡಿದರು. ಕರಿ ಕನ್ನಡಕ, ಕಿವಿಗೆ ಫೋನು, ಎತ್ತಿದ ಬೆರಳು. ಛಾವಣಿಯ ಇಳಿಜಾರಿನಲ್ಲಿ ತಲೆಕೆಳಗಾದ ಅದು ಈಗ ನೇರ ಕೆಳಗಿನ ಚಪ್ಪಲಿಗಳ ಸಾಲನ್ನು ತೋರಿಸುತ್ತಿತ್ತು. ಗಡ್ಡ ಬಿಟ್ಟು ಗಾದಿಯ ಮೇಲೆ ಕೂತು ಹಾರ ಕಟ್ಟುತ್ತಿದ್ದವನನ್ನು ಅವರು ಕೇಳಿದರು:

“ಯಾರ್ರಿ ಇವರು?”

ಉದಯಕುಮಾರ ತಲೆ ಎತ್ತಿ ನೋಡಿದ. “ನಮ್ಮಾಂವನs ಒಬ್ಬ. ಪುಣೆಕ್ಕ ಹೋಗ್ಯಾನ್ರಿ.”

“ಆರಾಮ ಅದಾನೇನು?”

“ಎಲ್ಲೀದ ಆರಾಮ್ರಿ,” ಎಂದ ಉದಯಕುಮಾರ ಹೂವಿಗೆ ಗಂಟು ಹಾಕುತ್ತ, “ಝೋನಲ್ ಮ್ಯಾನೇಜರ್ ಅದಾನ.”